ಹದಿನಾಲ್ಕನೇ ಸ್ವಿಚ್ಚು

ಬೆಳಗಿನ ಐದೂವರೆ. ಆಂಧ್ರದ ಗಡಿಯೂರು ಆದೋನಿಯ ಹತ್ತಿ ಮಿಲ್ಲುಗಳ ಕಡೆಯಿಂದ ಇನ್ನೂ ಸದ್ದು ಎದ್ದಿಲ್ಲ. ಆಲೂರಿನ ಮೊದಲ ಬಸ್ಸಿನಿಂದ ಇಳಿದ ಸುಹಾಸಿನಿ, ಖಾಸಗಿ ಆಸ್ಪತ್ರೆಯೊಂದರ ಹಿಂಬಾಗಿಲಿನಿಂದ ಒಳಹೋಗಿ, ಮೆಟ್ಟಿಲ ಕೆಳಗಿನ ಕೋಣೆಯ ಬೀಗ ತೆಗೆಯುತ್ತಾರೆ. ಎ.ಸಿ.ಯ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಕಬ್ಬಿಣದ ಕಪಾಟಿನೊಳಗೆ ಆಸ್ಪತ್ರೆಯ ಸರ್ವರ್ ಗುಯ್‌ಗುಡುತ್ತಿದೆ. ಈಕೆ ಅದರ ಮುಂದೆ ಕೂರುವುದಿಲ್ಲ. ಬ್ಯಾಗನ್ನು ಗೂಟಕ್ಕೆ ಸಿಕ್ಕಿಸಿ, ಚೂಡಿದಾರದ ತೋಳು ಮಡಚಿ, ಬಕೀಟು ಹಿಡಿದು ನೆಲ ಒರೆಸಲು ಶುರು ಮಾಡುತ್ತಾರೆ.

ಸರ್ವರ್ ನೋಡಿಕೊಳ್ಳುವ ಹೆಣ್ಣುಮಗಳು ತಾನೇ ನೆಲ ಒರೆಸುವುದೇ! ಪತ್ರಿಕೆಗೆ ಬರೆಯಲು ಹೋದವರು ಎಂಥ ಸರಳತೆಯಪ್ಪ ಎಂದು ಟಿಪ್ಪಣಿ ಪುಸ್ತಕದಲ್ಲಿ ದೊಡ್ಡದಾಗಿ ಬರೆದುಕೊಂಡದ್ದೂ ಆಯಿತು. ಐದು ನಿಮಿಷಕ್ಕೇ ಅದನ್ನು ಹೊಡೆದುಹಾಕಬೇಕಾಯಿತು.

‘ಸರಳ ಗಿರಳ ಏನಿಲ್ರಿ,’ ಎನ್ನುತ್ತಾರೆ ಸುಹಾಸಿನಿ, ತಲೆ ಎತ್ತದೆ. ‘ಈ ನೆಲ ಒರಸಾಕಿ ದಸ್ತಗಿರಕ್ಕ. ಒಂಬತ್ತು ದಿನ ಆತು, ಕೆಲಸದಿಂದ ತಗದಾರ. ತಪ್ಪು ಆಕೀದಲ್ಲ, ನಂದು. ಅದನ್ನ ಹೇಳಾಕ ನನಗ ಇನ್ನಾ ಬಾಯಿ ಬಂದಿಲ್ಲ. ಅದಕ್ಕ ಒರಸಾಕತ್ತೀನಿ.’

ಹೊಗಳಿ ಬರೆಯಲೆಂದು ಕರೆಸಿದ್ದು ಆಸ್ಪತ್ರೆಯವರೇ. ಕೆಟ್ಟು ನಿಂತ ಸರ್ವರನ್ನು ಎರಡೇ ಗಂಟೆಯಲ್ಲಿ ಎಬ್ಬಿಸಿದ ಜಾಣೆಗೆ ಭಾನುವಾರ, ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ, ಶಾಲು ಹೊದಿಸುವುದಿದೆ. ಕಾರ್ಡು ಅಚ್ಚಾಗಿದೆ. ಸರ್ವರನ್ನು ಕೆಡಿಸಿದ್ದೂ ಅದೇ ಜಾಣೆ ಎಂಬುದು ಕಾರ್ಡಿನಲ್ಲಿಲ್ಲ.

ಸುಹಾಸಿನಿಗೆ ಇಪ್ಪತ್ತೊಂಬತ್ತು. ಅಪ್ಪ ಭೀಮಲಿಂಗಪ್ಪನವರು ಆಲೂರಿನಲ್ಲಿ ನೂರಿಪ್ಪತ್ತು ಕುರಿ ಸಾಕಿದ್ದಾರೆ. ಮಗಳು ಆದೋನಿಯಲ್ಲೇ ಕಂಪ್ಯೂಟರ್ ಡಿಗ್ರಿ ಮುಗಿಸಿ, ಆರು ವರ್ಷದ ಹಿಂದೆ ಈ ಆಸ್ಪತ್ರೆಗೆ ರೋಗಿಗಳ ಹೆಸರು ಟೈಪು ಮಾಡಲು ಸೇರಿದರು. ಆಗ ಸರ್ವರ್ ನೋಡಿಕೊಳ್ಳುತ್ತಿದ್ದವರು ದೇವನಕೊಂಡದ ಪೆದ್ದಣ್ಣ. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ‘ಬಾ ಕೂಡು, ನೋಡಿ ಕಲಿ’ ಎಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟವರೂ ಅವರೇ. ಪೆದ್ದಣ್ಣನವರು ಕಲಿಸಿದ ಕೆಲಸವನ್ನು ಸುಹಾಸಿನಿ ಹೀಗೆ ಹೇಳುತ್ತಾರೆ:

‘ಆಸ್ಪತ್ರಿ ಲೆಕ್ಕ ಎಲ್ಲಾ ಇದರಾಗ ಐತ್ರಿ. ರಕ್ತದ ರಿಪೋರ್ಟು, ಎಕ್ಸ್‌ರೇ, ಹೆರಿಗಿ, ಔಷಧ. ಯಾರು ಬರೇ ನೋಡಬೇಕು, ಯಾರು ತಿದ್ದಬೇಕು, ಯಾರು ಒಳಗ ಬರಲೇಬಾರದು, ಅದನ್ನ ನೋಡೋದ ನನ್ನ ಕೆಲಸ. ನರ್ಸಮ್ಮ ವಾರ್ಡು ಬದಲಿ ಮಾಡಿದ್ರ ಆಕಿ ಪರ್ಮಿಷನ್ನೂ ಬದಲಿ ಮಾಡಬೇಕು. ಡಾಕ್ಟ್ರು ಹಬ್ಬಕ್ಕ ಊರಿಗೆ ಹೋಗಿ ಬಂದ್ರ ಪಾಸ್‌ವರ್ಡ್ ಮರ್ತಿರ್ತಾರ. ಬೈಯೋದು ನನಗ.’

ಅರವತ್ತೆರಡು ಮಂದಿ, ಅರವತ್ತೆರಡು ಹೆಸರು. ದಿನಕ್ಕೆ ನೂರೆಂಬತ್ತರ ಹತ್ತಿರ ರಕ್ತದ ಮಾದರಿ. ‘ಅನುಮತಿ ಇಲ್ಲ ಅಂತೈತಿ ನೋಡು’ ಎಂಬ ಫೋನು ಹದಿನೈದಕ್ಕೆ ಕಡಿಮೆ ಬಂದ ದಿನವೇ ಇಲ್ಲ. ಲ್ಯಾಬಿನ ನರೇಶ ಒಮ್ಮೆ, ಕಳಿಸಿಬಿಟ್ಟ ರಿಪೋರ್ಟಿನಲ್ಲಿ ಒಂದು ಅಂಕಿ ತಿದ್ದಬೇಕು, ಬಾಗಿಲು ತೆಗಿ ಎಂದು ಗೋಗರೆದರಂತೆ. ಈಕೆ ತೆಗೆಯಲಿಲ್ಲ. ದೊಡ್ಡ ಡಾಕ್ಟರ ಸಹಿ ತಂದ ಮೇಲೇ ತೆಗೆದದ್ದು. ಸಣ್ಣ ಜೀವ, ಆದರೆ ಈ ವಿಷಯದಲ್ಲಿ ಯಾರ ಮುಲಾಜೂ ಇಲ್ಲ.

ಪೆದ್ದಣ್ಣನವರಲ್ಲಿ ಒಂದೇ ಒಂದು ಕೊರತೆ ಇತ್ತು. ಎಲ್ಲವನ್ನೂ ತಮ್ಮ ಹೆಸರಿನ ಮೇಲೇ ಇಟ್ಟುಕೊಂಡಿದ್ದರು. ಸರ್ವರಿನ ಯಜಮಾನಿಕೆ, ಅಂದರೆ ಬೇರೆಯವರಿಗೆ ಅನುಮತಿ ಕೊಡುವ ಹಕ್ಕು, ಇದ್ದದ್ದು ಅವರ ಹೆಸರೊಂದಕ್ಕೇ. ಲ್ಯಾಬಿನ ಪ್ರೋಗ್ರಾಮೂ ಅವರ ಹೆಸರು ಹೇಳಿಕೊಂಡೇ ಒಳಹೋಗಿ ಲೆಕ್ಕ ತರುತ್ತಿತ್ತು. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದವರು ಎದೆ ಹಿಡಿದುಕೊಂಡು ಕುಸಿದರು. ಅದೇ ಆಸ್ಪತ್ರೆ, ಎದುರಿಗೇ ಡಾಕ್ಟರು. ಉಳಿಯಲಿಲ್ಲ.

ಪಾಸ್‌ವರ್ಡ್ ಸುಹಾಸಿನಿಗೆ ಗೊತ್ತಿತ್ತು. ಆಸ್ಪತ್ರೆಯ ವ್ಯವಸ್ಥಾಪಕ ಗೋವಿಂದ ಅವರು ‘ಇನ್ನು ಮೇಲೆ ನೀನೇ’ ಎಂದುಬಿಟ್ಟರು. ಹನ್ನೊಂದು ದಿನ ಈಕೆ ಸತ್ತವರ ಹೆಸರು ಹೊಡೆದು ಒಳಹೋದರು. ಪ್ರತಿ ಬೆಳಗ್ಗೆ ಪರದೆಯ ಮೇಲೆ ಪೆದ್ದಣ್ಣ, ಪೆದ್ದಣ್ಣ, ಪೆದ್ದಣ್ಣ. ಹಾಗೆ ಒಳಹೋಗುವುದು ತಪ್ಪು ಅನಿಸುತ್ತಿತ್ತು.

ಇದಕ್ಕೆ ಕಾರಣ ಕುರಿ. ಕೇಳಿದವರಿಗೆ ನಗು ಬಂದೀತು, ಬರಲಿ. ಭೀಮಲಿಂಗಪ್ಪನವರ ಮನೆತನದಲ್ಲಿ ಪ್ರತಿ ಕುರಿಯ ಬೆನ್ನ ಮೇಲೂ ಯಜಮಾನನ ಗುರುತು ಇರುತ್ತದೆ, ಕೆಂಪು ಬಣ್ಣದ್ದು. ಯಜಮಾನ ತೀರಿಕೊಂಡರೆ ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಮರುದಿನ ಹೊತ್ತು ಮೂಡುವಾಗ ಮಂದೆಯ ಗುರುತು ಬದಲಾಯಿಸುತ್ತಾರೆ. ಸತ್ತವರ ಹೆಸರಿನಲ್ಲಿ ಕುರಿ ಮೇಯಬಾರದು, ಅವರಿಗೆ ಬಿಡುಗಡೆ ಆಗುವುದಿಲ್ಲ ಎಂಬ ನಂಬಿಕೆ. ಕಂಬಳಿ ಹಾಸಿ, ಕಾಯಿ ಒಡೆದು, ‘ನಿನ್ನ ಕೆಲಸ ಮುಗೀತು, ಇನ್ನ ಆರಾಮ ಇರು’ ಎಂದು ಹೇಳಿ ಕಳಿಸುತ್ತಾರೆ.

ಪೆದ್ದಣ್ಣನವರ ಹನ್ನೊಂದನೇ ದಿನದ ಊಟಕ್ಕೆ ಸುಹಾಸಿನಿ ದೇವನಕೊಂಡಕ್ಕೆ ಹೋಗಿದ್ದರು. ಅವರ ಹೆಂಡತಿ ಶೇಷಮ್ಮ ಕೈ ಹಿಡಿದುಕೊಂಡು, ‘ಅವ್ರು ಇನ್ನ ಆಸ್ಪತ್ರ್ಯಾಗ ಕೆಲಸ ಮಾಡಾಕತ್ತ್ಯಾರ ಅನಸ್ತೈತವ್ವ’ ಎಂದು ಅತ್ತರಂತೆ. ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಮರುದಿನ ಮೊದಲ ಬಸ್ಸಿಗೆ ಬಂದರು. ಹೊತ್ತು ಮೂಡುತ್ತಿತ್ತು. ಕಪಾಟಿನ ಮುಂದೆ ಒಂದು ಊದುಬತ್ತಿ ಹಚ್ಚಿದರು. ‘ಸಾರ್, ನಿಮ್ಮ ಕೆಲಸ ಮುಗೀತ್ರಿ, ಇನ್ನ ಆರಾಮ ಇರ್ರಿ’ ಎಂದರು. ಪೆದ್ದಣ್ಣ ಎಂಬ ಹೆಸರಿನ ಮುಂದಿದ್ದ ಯಜಮಾನಿಕೆಯ ಗುರುತನ್ನು ತೆಗೆದರು. ಆಮೇಲೆ ತಮ್ಮ ಹೆಸರಿಗೆ ಅದೇ ಗುರುತು ಹಾಕಲು ಹೋದರು.

‘ನಿಮಗೆ ಅನುಮತಿ ಇಲ್ಲ’ ಎಂದಿತು ಸರ್ವರ್.

ಹೌದು ಮತ್ತೆ! ಅವರು ಒಳಗೆ ಹೋಗಿದ್ದದ್ದೇ ಪೆದ್ದಣ್ಣನ ಹೆಸರಿನಲ್ಲಿ. ಆ ಹೆಸರಿನ ಅಧಿಕಾರವನ್ನು ತಾವೇ ಈಗಷ್ಟೇ ಕಿತ್ತಿದ್ದರು. ಇನ್ನೊಬ್ಬರಿಗೆ ಕೊಡುವ ಹಕ್ಕು ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಅರವತ್ತೆರಡು ಹೆಸರಿದ್ದ ಮನೆಗೆ ಒಬ್ಬ ಯಜಮಾನನೂ ಇಲ್ಲ.

‘ನಾ ಸಣ್ಣಾಕಿದ್ದಾಗಿಂದ ಅಪ್ಪ ಹೇಳ್ಯಾನ್ರಿ,’ ಸುಹಾಸಿನಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ, ಅದರಲ್ಲಿ ನೀರು ಉಳಿದಿಲ್ಲ. ‘ಮೊದಲ ಹೊಸ ಗುರುತು ಹಾಕಬೇಕು, ಅದು ಒಣಗಿದ ಮ್ಯಾಲೆ ಹಳೇ ಗುರುತಿನ ಉಣ್ಣೆ ಕತ್ತರಿಸಬೇಕು. ಮೊದಲ ಹಳೇದು ತಗದ್ರ ಅಷ್ಟೊತ್ತು ಕುರಿ ಯಾರದೂ ಅಲ್ಲ, ಯಾರರ ಹೊಡಕೊಂಡು ಹೋದ್ರ ಕೇಳಾಂಗಿಲ್ಲ ಅಂತ. ಕುರ್ಯಾಗ ನಾ ಒಮ್ಮೆನೂ ತಪ್ಪಿಲ್ಲ. ಇಲ್ಲಿ ತಪ್ಪಿದೆ. ಅಳು ಬಂದಿತ್ರಿ ಅವತ್ತು, ಮೊದಲ ಅವ್ರನ್ನ ಕಳಿಸಿಬಿಡೋಣು ಅನಿಸ್ತು.’

ಆರೂವರೆಗೆ ಲ್ಯಾಬಿನ ಬಾಗಿಲು ತೆರೆಯಿತು. ನರೇಶ ಪ್ರೋಗ್ರಾಮು ತೆರೆದರೆ ಅದೂ ಒಳಗೆ ಹೋಗಲು ಒಲ್ಲೆಂದಿತು. ಖಾಲಿ ಹೊಟ್ಟೆಯಲ್ಲಿ ಬಂದ ನಲವತ್ತಮೂರು ಮಂದಿ ಬೆಂಚುಗಳ ಮೇಲೆ. ‘ಸುಹಾಸಿನಿ, ಏಮೈಂದಿ, ಏನಾತು? ಏನೂ ಬರವಲ್ದು!’ ಎಂದು ನರೇಶ ಕೂಗಿದರು. ‘ಸರ್ವರ್ ಪ್ರಾಬ್ಲಮ್ಮು, ನೋಡಾಕತ್ತೀನಿ’ ಎಂದರು ಸುಹಾಸಿನಿ. ಅಷ್ಟೇ ಮಾತು. ಸುಳ್ಳಲ್ಲ. ನಿಜವೂ ಅಲ್ಲ. ಅವತ್ತಿನ ಮೊದಲ ಅಪ್ರಾಮಾಣಿಕತೆ ಅದು ಎಂದು ಅವರೇ ಬೆರಳು ಮಡಚಿ ಎಣಿಸುತ್ತಾರೆ.

ಮೇಲಿನ ಮಹಡಿಯಲ್ಲಿ ಮದ್ದಿಕೇರದ ಬಾಣಂತಿಯೊಬ್ಬರಿಗೆ ರಕ್ತ ಬೇಕಾಗಿತ್ತು. ಯಾವ ಚೀಲ ಯಾವ ಗುಂಪಿನದು, ಯಾವುದು ಪರೀಕ್ಷೆಯಾಗಿದೆ ಎಂಬುದೆಲ್ಲ ಈ ಸರ್ವರಿನಲ್ಲೇ. ಸಿಬ್ಬಂದಿ ಫ್ರಿಜ್ಜು ತೆರೆದು ಒಂದೊಂದೇ ಚೀಲ ಹೊರತೆಗೆದು, ಮತ್ತೆ ಪರೀಕ್ಷೆ ಮಾಡಿ ಕೊಟ್ಟರು. ಎಪ್ಪತ್ತು ನಿಮಿಷ ತಡ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೂ ‘ಎಪ್ಪತ್ತು ನಿಮಿಷ’ ಎಂದು ಸುಹಾಸಿನಿ ಎರಡು ಸಲ ಹೇಳುತ್ತಾರೆ.

ಹೀಗೆ ಬೀಗ ಬಿದ್ದ ಸರ್ವರಿಗೆ ದಾರಿ ಒಂದಿದೆ. ಅದನ್ನು ನಿಲ್ಲಿಸಿ, ಒಬ್ಬರಿಗೆ ಮಾತ್ರ ಜಾಗ ಇರುವ ಹಾಗೆ ಎಬ್ಬಿಸಬೇಕು. ಆಗ ಆ ಯಂತ್ರದ ಒಡೆತನ ಇರುವವರು ಒಳಹೊಕ್ಕರೆ, ಒಳಗಿನ ಯಜಮಾನಿಕೆಯೂ ಅವರಿಗೇ ಸಿಗುತ್ತದೆ. ಯಂತ್ರದ ಪಾಸ್‌ವರ್ಡ್ ಬೇರೆ, ಅದು ಸುಹಾಸಿನಿಯ ಹತ್ತಿರ ಇತ್ತು. ಎಬ್ಬಿಸಿದರು. ಇರುವ ಒಂದೇ ಜಾಗವನ್ನು ಯಾವುದೋ ಕೋಣೆಯ ಕಂಪ್ಯೂಟರ್ ಬಂದು ಹಿಡಿದುಕೊಂಡಿತು. ನಿಲ್ಲಿಸಿ ಮತ್ತೆ ಎಬ್ಬಿಸಿದರು. ಮತ್ತೆ ಅದೇ ಹಾಡು. ಆಸ್ಪತ್ರೆಯ ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ಬಾಗಿಲು ತಟ್ಟುತ್ತಲೇ ಇದ್ದವು. ಮೂರು ಸಲ ಹೀಗಾದಾಗ ನೆಲದ ಮೇಲೆ ಕುಳಿತು ಅತ್ತುಬಿಟ್ಟರು.

ಬಾಗಿಲಲ್ಲಿ ದಸ್ತಗಿರಮ್ಮ ನಿಂತಿದ್ದರು, ಕೈಯಲ್ಲಿ ಒರೆಸುವ ಕೋಲು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಐವತ್ತನಾಲ್ಕು ವರ್ಷ, ಕಿವಿ ಸ್ವಲ್ಪ ಮಂದ. ಹನ್ನೆರಡು ವರ್ಷದಿಂದ ಆಸ್ಪತ್ರೆಯ ಪ್ರತಿ ಕೋಣೆಯ ನೆಲ ಒರೆಸಿದವರು.

‘ಯಾಕಮ್ಮಾಯಿ, ಹಿಂಗ ಕುಂತೀ?’

‘ಎಲ್ಲಾ ಕಂಪ್ಯೂಟರ್ ಆರಿಸ್ಬೇಕಕ್ಕ, ಒಮ್ಮೆಗೇ. ಅರ್ಧ ರೂಮು ಬೀಗ ಹಾಕ್ಯಾವ.’

‘ಬೀಗದ ಕೈ ನನ್ನತ್ರ ಅದಾವಲ್ಲ. ಎಷ್ಟು ಆರಿಸ್ಬೇಕು?’

‘ಹದಿಮೂರು.’

‘ಹದಿಮೂರಲ್ಲ, ಹದಿನಾಲ್ಕು. ಸ್ಕ್ಯಾನಿಂಗ್ ರೂಮಿನ್ಯಾಗ ಪರದೆ ಹಿಂದ ಒಂದೈತಿ. ದೂಳು ಹೊಡಿಯಾಕಿ ನಾನು, ನನಗ ಗೊತ್ತಿಲ್ಲೇನು?’

ಪೆದ್ದಣ್ಣನವರ ಪಟ್ಟಿಯಲ್ಲೂ ಇಲ್ಲದ ಆ ಹದಿನಾಲ್ಕನೆಯದೇ ಜಾಗ ಹಿಡಿದುಕೊಳ್ಳುತ್ತಿದ್ದದ್ದು! ದಸ್ತಗಿರಮ್ಮ ಮಹಡಿಯಿಂದ ಮಹಡಿಗೆ ಹೋಗಿ, ಬೀಗ ತೆಗೆದು, ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದರು. ಕೊನೆಯ ಸ್ವಿಚ್ಚು ಆರಿಸಿ ‘ಆತಮ್ಮೋ’ ಎಂದು ಕೂಗಿದಾಗ ಸುಹಾಸಿನಿ ಸರ್ವರನ್ನು ಎಬ್ಬಿಸಿದರು, ಒಳಹೊಕ್ಕರು, ಮೊದಲು ತಮ್ಮ ಹೆಸರಿಗೆ ಗುರುತು ಹಾಕಿದರು. ಆಮೇಲೆ ಉಳಿದದ್ದೆಲ್ಲ. ಲ್ಯಾಬು ಉಸಿರಾಡಿದಾಗ ಎಂಟು ಗಂಟೆ ದಾಟಿತ್ತು.

ಅಷ್ಟರಲ್ಲಿ ಗೋವಿಂದ ಅವರು ಬಂದಿದ್ದರು. ಅವರ ಕಣ್ಣಿಗೆ ಬಿದ್ದದ್ದು ಸ್ಕ್ಯಾನಿಂಗ್ ರೂಮಿನ ಸ್ವಿಚ್ಚಿನ ಮೇಲಿದ್ದ ದಸ್ತಗಿರಮ್ಮನವರ ಕೈ. ಹೊರಗೆ ಹಸಿದು ಕೂತವರ ಗಲಾಟೆ, ಒಳಗೆ ಕೆಲಸದಾಕೆ ಕಂಪ್ಯೂಟರ್ ಆರಿಸುತ್ತಿದ್ದಾಳೆ. ಇಷ್ಟು ಸಾಕಲ್ಲ. ‘ನೆಲ ಒರಸೋ ನೀನು ಸ್ವಿಚ್ಚಿಗ್ಯಾಕ ಕೈ ಹಾಕ್ದಿ? ನೀನ ಎಲ್ಲಾ ಕೆಡಿಸಿದ್ದು!’ ಎಂದು ನಡು ಹಾಲಿನಲ್ಲಿ, ನಲವತ್ತಮೂರು ಮಂದಿಯ ಎದುರು, ಕೂಗಾಡಿದರು. ‘ಇವತ್ತಿಂದ ಬರಬ್ಯಾಡ ಪೋ’ ಎಂದರು.

ಸುಹಾಸಿನಿ ಅಲ್ಲೇ ಇದ್ದರು. ಮೂರು ಮಾರು ದೂರ.

‘ಬಾಯಿ ತೆರದಿದ್ದೆ ರೀ. ಮಾತು ಬರಲಿಲ್ಲ. ಗೋವಿಂದ ಸಾರು ನನ್ನ ಕಡಿ ತಿರುಗಿ, ಶಭಾಷ್ ಕಣಮ್ಮ, ನೀನಿದ್ದಿದ್ದಕ್ಕ ಉಳೀತು ಅಂದ್ರು. ದಸ್ತಗಿರಕ್ಕ ನನ್ನ ಒಮ್ಮೆ ನೋಡಿದ್ರು. ಸಿಟ್ಟು ಮಾಡಿದ್ರ ಚಲೋ ಇತ್ತು. ಬರೇ ನೋಡಿದ್ರು. ನಾ ಏನರ ಹೇಳ್ತೀನೇನೋ ಅಂತ ಕಾದ್ರು. ಆಮ್ಯಾಲೆ ಕೋಲು ಗ್ವಾಡಿಗೆ ಆನಿಸಿಟ್ಟು, ಬೀಗದ ಕೈ ಗೊಂಚಲು ಮೇಜಿನ ಮ್ಯಾಲೆ ಇಟ್ಟು ಹೋದ್ರು.’

ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತಂತೆ. ನೆಲ ಬಾಯಿ ಬಿಡಲಿಲ್ಲ, ಈಕೆಯೂ ಬಿಡಲಿಲ್ಲ. ಸಂಜೆ ಆಲೂರಿನಲ್ಲಿ ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದರು. ಗುರುತಿನ ತಪ್ಪಿಗೆ ಭೀಮಲಿಂಗಪ್ಪನವರು ‘ಎಷ್ಟು ಸಲ ಹೇಳೀನಿ’ ಎಂದು ನಕ್ಕುಬಿಟ್ಟರಂತೆ. ದಸ್ತಗಿರಮ್ಮನ ವಿಷಯ ಕೇಳಿದ ಮೇಲೆ ನಗು ನಿಂತಿತು. ‘ಆಕಿ ಮನ್ಯಾಗ ಇವತ್ತು ಒಲಿ ಹತ್ತಿತೇನು?’ ಎಂದಷ್ಟೇ ಕೇಳಿ, ತಟ್ಟೆ ಸರಿಸಿ ಎದ್ದುಹೋದರು. ಅವತ್ತಿನಿಂದ ಅಪ್ಪ ಮಗಳ ನಡುವೆ ಮಾತು ಕಡಿಮೆ.

ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂಬತ್ತು ದಿನ ಕಳೆದವು. ದಿನ ಕಳೆದಷ್ಟೂ ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ’ ಎಂಬ ಪ್ರಶ್ನೆಗೂ ಉತ್ತರ ಹೊಂದಿಸಬೇಕಾಯಿತು. ಮೇಲೆ ಶಾಲಿನ ಕಾರ್ಡು ಬೇರೆ. ಈಗ ಪತ್ರಿಕೆಯವರು. ‘ನೀವು ನನ್ನ ಬಗ್ಗೆ ಒಳ್ಳೇದ ಬರದ್ರ ನಾ ಈ ಊರಾಗ ಹೆಂಗ ಓಡಾಡ್ಲಿ ಹೇಳ್ರಿ?’ ಎಂದು ಬಕೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅತ್ತುಬಿಡುತ್ತಾರೆ. ಅವರ ತಪ್ಪನ್ನು ಮನ್ನಿಸುವುದು ಪತ್ರಿಕೆಯ ಕೆಲಸವಲ್ಲ. ಅದು ಯಾರ ಕೆಲಸ ಎಂಬುದು ಅವರಿಗೂ ಗೊತ್ತಿದೆ.

ಅದೇ ದಿನ ಹತ್ತು ಗಂಟೆಗೆ ಗೋವಿಂದ ಅವರ ಕೋಣೆಗೆ ಹೋಗುತ್ತಾರೆ. ಗೋವಿಂದ ಅವರು ಕೆಟ್ಟವರಲ್ಲ, ಅವಸರದವರು. ಎಲ್ಲವನ್ನೂ ಕೇಳಿ ತಲೆಗೆ ಕೈ ಹೊತ್ತು, ‘ಅಯ್ಯೋ ತಲ್ಲಿ, ನನ್ನ ತಾಯಿ, ಈಗ್ಯಾಕ ಹೇಳ್ತೀ? ಕಾರ್ಡು ಹಂಚಿ ಆಗ್ಯಾವ!’ ಎನ್ನುತ್ತಾರೆ.

‘ಶಾಲು ಬ್ಯಾಡ್ರಿ ಸಾರ್. ಆಕೀನ ಕರಸ್ರಿ. ನನ್ನ ಬೇಕಾದ್ರ ತಗೀರಿ.’

‘ನಿನ್ನ ತಗದು ಸರ್ವರ್ ಯಾರು ನೋಡ್ತಾರ? ಆಯ್ತು, ಕರಿ ಆಕೀನ. ಸದ್ದಿಲ್ಲದಂಗ ಬಂದು ಕೆಲಸಕ್ಕ ಹತ್ತಲಿ.’

ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುಹಾಸಿನಿ ದಸ್ತಗಿರಮ್ಮನ ಮನೆ ಹುಡುಕಿಕೊಂಡು ಹೋಗುತ್ತಾರೆ. ಗುಡ್ಡದ ಬುಡದ ಓಣಿ, ಬಂಡೆಗೆ ಒತ್ತಿ ಕಟ್ಟಿದ ಮನೆ. ದಸ್ತಗಿರಮ್ಮ ಹೊರಗೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಾರೆ, ಯಾರದೋ ಅಂಗಡಿಯ ಕೂಲಿ ಕೆಲಸ. ಕುರ್ಚಿ ಇಲ್ಲ. ಸುಹಾಸಿನಿ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಎಲ್ಲವನ್ನೂ ಒಪ್ಪಿಸುತ್ತಾರೆ. ದಸ್ತಗಿರಮ್ಮನ ಕೈ ನಿಲ್ಲುವುದಿಲ್ಲ.

‘ಗೊತ್ತೈತಿ,’ ಎನ್ನುತ್ತಾರೆ ಕೊನೆಗೆ. ‘ನಾ ಬರೂದಕ್ಕ ಮುಂಚೇನ ನೀ ಅಳಾಕತ್ತಿದ್ದಿ. ಕೆಟ್ಟಿದ್ದು ಮೊದಲ, ನಾ ಆರಿಸಿದ್ದು ಆಮ್ಯಾಲೆ. ಅಷ್ಟೂ ತಿಳೀದಾಕ್ಯಾ ನಾನು?’

‘ಅವತ್ತ ಸಾರಿಗೆ ಹೇಳಬೇಕಿತ್ತಲ್ಲಕ್ಕ ನೀನು...’

‘ನಾ ಹೇಳಿದ್ರ ನಂಬತಿದ್ರಾ? ಹೇಳಬೇಕಾದಾಕಿ ನೀನು.’

ನಾಳೆಯಿಂದ ಸದ್ದಿಲ್ಲದೆ ಬಂದು ಕೆಲಸಕ್ಕೆ ಸೇರಬೇಕಂತೆ ಎಂದು ಸುಹಾಸಿನಿ ಮೆಲ್ಲಗೆ ಹೇಳುತ್ತಾರೆ. ದಸ್ತಗಿರಮ್ಮ ಆಗ ಕೈ ನಿಲ್ಲಿಸುತ್ತಾರೆ.

‘ಕಳಿಸುವಾಗ ಸದ್ದು ಮಾಡಿ ಕಳಿಸಿದ್ರು. ಕರಿಯುವಾಗ ಸದ್ದಿಲ್ಲದಂಗ ಅಂದ್ರ ಹೆಂಗಮ್ಮಾಯಿ? ಆ ಹಾಲಿನ್ಯಾಗ ದಿನಾ ಬರೋ ಮಂದಿ ನನ್ನ ಮಾರಿ ನೋಡಿ ಏನಂತಾರ? ನಾ ಬರಾಂಗಿಲ್ಲ.’

ಮಾರನೆಯ ದಿನ ಶನಿವಾರ. ಬೆಳಗಿನ ಐದೂವರೆ. ಸುಹಾಸಿನಿ ನೆಲ ಒರೆಸುತ್ತಾರೆ, ಬ್ಯಾಕಪ್ ನೋಡುತ್ತಾರೆ. ಯಜಮಾನಿಕೆ ಈಗ ಎರಡು ಹೆಸರಿಗಿದೆ, ತಮ್ಮದಕ್ಕೂ ನರೇಶರದಕ್ಕೂ. ಪೆದ್ದಣ್ಣ ಎಂಬ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ, ಅಧಿಕಾರವಿಲ್ಲದೆ, ಕೆಲಸವಿಲ್ಲದೆ. ಅಳಿಸಲು ಕೈ ಬರಲಿಲ್ಲವಂತೆ. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದು, ಲ್ಯಾಬಿನ ಎದುರಿನ ಹಾಲಿನಲ್ಲಿ, ಎಲ್ಲರಿಗೂ ಕಾಣುವ ಎತ್ತರದಲ್ಲಿ ಅಂಟಿಸುತ್ತಾರೆ. ಮೇಲೆ ತೆಲುಗು, ಕೆಳಗೆ ಕನ್ನಡ. ಗೋವಿಂದ ಅವರನ್ನು ಕೇಳಿಲ್ಲ. ಇದಕ್ಕೆ ಯಾರ ಅನುಮತಿಯೂ ಬೇಡ ಎನ್ನುತ್ತಾರೆ. ಹಾಳೆಯ ಒಂದು ಫೋಟೋ ತೆಗೆದು ದಸ್ತಗಿರಮ್ಮನ ಮೊಮ್ಮಗಳ ಫೋನಿಗೆ ಕಳಿಸುತ್ತಾರೆ.

ಏಳಕ್ಕೆ ದಸ್ತಗಿರಮ್ಮ ಬರುತ್ತಾರೆ. ಒಗೆದು ಮಡಿಚಿಟ್ಟಿದ್ದ ಸೀರೆ, ಹಣೆಗೆ ದೊಡ್ಡ ಕುಂಕುಮ. ಬೆಂಚುಗಳ ಮೇಲೆ ರಕ್ತ ಕೊಡಲು ಬಂದವರು ಮೂವತ್ತು ಮಂದಿಯಾದರೂ ಇದ್ದಾರೆ, ಹೋದ ವಾರದ ಮುಖಗಳೂ ಇವೆ. ನೇರವಾಗಿ ಹಾಳೆಯ ಮುಂದೆ ಹೋಗಿ ನಿಲ್ಲುತ್ತಾರೆ.

‘ಏನ ಬರದೀ? ನನಗ ಓದಾಕ ಬರಾಂಗಿಲ್ಲ. ನೀನ ಓದು.’

ಸುಹಾಸಿನಿ ಮೆಲುದನಿಯಲ್ಲಿ ಶುರು ಮಾಡುತ್ತಾರೆ.

‘ಕೇಳಿಸವಲ್ದು,’ ಎನ್ನುತ್ತಾರೆ ದಸ್ತಗಿರಮ್ಮ. ‘ಜೋರಾಗಿ ಓದು.’

ಕಿವಿ ಮಂದ ಎಂಬುದು ನಿಜ. ಅವತ್ತು ಎಷ್ಟು ಮಂದ ಇತ್ತು ಎಂಬುದು ಅವರಿಗೇ ಗೊತ್ತು. ಸುಹಾಸಿನಿಯ ಕಿವಿಯ ತುದಿ ಕೆಂಪಾಗಿದೆ. ಚೂಡಿದಾರದ ವೇಲಿನಿಂದ ಮುಖ ಒರೆಸಿಕೊಂಡು, ಹಾಲಿಗೆಲ್ಲ ಕೇಳುವ ಹಾಗೆ ಓದುತ್ತಾರೆ:

‘ಹೋದ ವಾರ ಸರ್ವರ್ ನಿಂತು ನಿಮಗೆಲ್ಲ ತೊಂದರೆ ಆಯಿತು. ಅದು ನನ್ನ ತಪ್ಪು. ದಸ್ತಗಿರಮ್ಮನವರ ತಪ್ಪು ಏನೂ ಇಲ್ಲ. ಅವರನ್ನು ಬೈಯುವಾಗ ನಾನು ಎದುರಿಗೇ ಇದ್ದು ಸುಮ್ಮನಿದ್ದೆ. ನನಗೆ ನಾಚಿಕೆಯಾಗಿದೆ. ಇಂತಿ, ಸುಹಾಸಿನಿ.’

ಬೆಂಚಿನ ಮೇಲಿದ್ದವರು ಹಾಳೆಯನ್ನು ನೋಡುತ್ತಾರೆ, ಈಕೆಯನ್ನು ನೋಡುತ್ತಾರೆ, ಆಕೆಯನ್ನು ನೋಡುತ್ತಾರೆ. ಲ್ಯಾಬಿನ ಕಿಟಕಿಯಲ್ಲಿ ನರೇಶ ಸೂಜಿ ಹಿಡಿದವರು ಹಿಡಿದ ಹಾಗೇ ನಿಂತಿದ್ದಾರೆ. ದಸ್ತಗಿರಮ್ಮ ಹಾಳೆಯ ಹತ್ತಿರ ಹೋಗಿ, ಓದಲು ಬಾರದ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಾರೆ. ಕೊನೆಯ ಸಾಲಿನ ಕೆಳಗೆ ಉಳಿದ ಬಿಳಿ ಜಾಗದಲ್ಲಿ ಬೆರಳು ನಿಲ್ಲುತ್ತದೆ.

‘ಇಷ್ಟೇನಾ? ಹದಿನಾಲ್ಕು ಸ್ವಿಚ್ಚು ಆರಿಸಿದಾಕಿ ಯಾರಂತ ಬರದಿಲ್ಲಲ್ಲ?’

ಸುಹಾಸಿನಿ ಕಿಟಕಿಯೊಳಗೆ ಕೈ ಚಾಚಿ ನರೇಶರ ಜೇಬಿನಿಂದ ಪೆನ್ನು ಎಳೆದುಕೊಳ್ಳುತ್ತಾರೆ.

‘ದೊಡ್ಡದಾಗಿ ಬರಿ,’ ಎನ್ನುತ್ತಾರೆ ದಸ್ತಗಿರಮ್ಮ, ಗೋಡೆಗೆ ಆನಿಸಿದ್ದ ಕೋಲನ್ನು ಕೈಗೆ ತೆಗೆದುಕೊಳ್ಳುತ್ತ. ‘ಹದಿಮೂರು ಅಂತ ಬರದುಗಿರದಿ, ಹದಿನಾಲ್ಕು.’